ಖಾಲಿ ತಲೆ

ಉಪ್ಪಳದ ಯೂನಿಯನ್ ಆಫೀಸಿನಲ್ಲಿ ಅವತ್ತು
ಚಾದ ಮೇಜನ್ನು ಜಗಲಿಗೆ ಸರಿಸಿ
ನಡುವೆ ಒಂದು ಮರದ ಪೆಟ್ಟಿಗೆ ಕವುಚಿಟ್ಟರು,
ಗೇಣಿಗಿಂತ ಚೂರು ಎತ್ತರ.
"ಹತ್ತಿ, ಇಳಿಯಿರಿ. ಮೂರು ನಿಮಿಷ"
ಅಂದರು ಓಮನ ಸಿಸ್ಟರ್ ತಮ್ಮ ಮಲಯಾಳದ ಕನ್ನಡದಲ್ಲಿ.
ಮೊಬೈಲು ಟಿಕ್ ಟಿಕ್ ಎಂದು ತಾಳ ಹಿಡಿಯಿತು.

ನೀಲಿ ಅಂಗಿಯವರೆಲ್ಲ ನಕ್ಕರು.
ಇವರಂತೂ ಎದ್ದು ನಿಂತೇ ನಕ್ಕರು.
ಐವತ್ತು ಕಿಲೋದ ಕುಚ್ಚಲಕ್ಕಿ ಮೂಟೆಗಳನ್ನು
ಲಾರಿಯ ಬೆನ್ನಿಂದ ಗೋದಾಮಿನ ಹೊಟ್ಟೆಗೆ
ಇಪ್ಪತ್ತಾರು ವರ್ಷ ದಾಟಿಸಿದ ಕುತ್ತಿಗೆ ಇವರದು.
"ದಮ್ಮು ನೋಡಬೇಕಾದರೆ ಸಿಸ್ಟರೇ,
ಒಂದು ಲೋಡು ಸಿಮೆಂಟು ತರಿಸಿ.
ಮಕ್ಕಳಾಟ ಎಂತಕ್ಕೆ?"

ಮೊದಲ ನಿಮಿಷ ನಗು ಇತ್ತು.
ಎರಡನೆಯದರಲ್ಲಿ ಬಾಯಿ ತೆರೆಯಿತು.
ಮೂರನೆಯದರಲ್ಲಿ ಇವರ ಎದೆಯ ಸದ್ದು
ಬಾಗಿಲಲ್ಲಿ ಕೂತ ನನಗೆ ಕೇಳಿಸಿತು;
ಅಥವಾ ನನಗೆ ಹಾಗನ್ನಿಸಿತೋ ಏನೋ.
ಸಿಸ್ಟರ್ ಮಣಿಕಟ್ಟು ಹಿಡಿದು ಎಣಿಸಿ ಬರೆದರು:
ನೂರ ನಲ್ವತ್ತೆರಡು.

"ವಾರಿಜಕ್ಕ, ನೀವೂ ಬನ್ನಿ."
ನಾನು ಬೀಡಿಯವಳು.
ಮಡಿಲಲ್ಲಿ ಸೂಪು, ಕೈಯಲ್ಲಿ ಕತ್ತರಿ,
ದಿನಕ್ಕೆ ಸಾವಿರ, ಚಾಪೆಯಲ್ಲಿ ನನ್ನದೇ ಒಂದು ತಗ್ಗು.
ವಾರಕ್ಕೊಮ್ಮೆ ಬ್ರಾಂಚಿಗೆ ಹೋಗಿ ಬಂದರೆ
ಅದೇ ನನ್ನ ದೇಶಾಂತರ.
ಸೆರಗು ಸಿಕ್ಕಿಸಿ ಹತ್ತಿದೆ, ಇಳಿದೆ, ಹತ್ತಿದೆ.
ನೂರ ಮೂವತ್ತೊಂಬತ್ತು.

ಮೂರೇ ಬಡಿತ ಅಂತರ!
ಗುಡ್ಡ ಹೊತ್ತವರೂ ಕೂತು ನೂಲು ಸುತ್ತಿದವಳೂ
ಬೇರೆ ಬೇರೆ ಬಸ್ಸಿನಲ್ಲಿ ಬಂದು
ಒಂದೇ ಸ್ಟಾಪಿನಲ್ಲಿ ಇಳಿದಿದ್ದೆವು.
ಇವರಿಗೆ ಸಿಟ್ಟು ಬಂತು. "ಮಷೀನು ಹಾಳಾಗಿದೆ."
"ಮಷೀನೆಲ್ಲಿದೆ ಐತ್ತಪ್ಪಣ್ಣ,
ಇದು ನನ್ನ ಬೆರಳಲ್ವಾ?"

ಆಮೇಲೆ ಬಂದದ್ದು ಬೀಪಾತುಮ್ಮ,
ಅರುವತ್ತಕ್ಕೆ ಎರಡು ಕಡಿಮೆ, ಒಣ ನಂಗಿನ ಹಾಗಿನ ಮೈ.
ಮೀನಿನ ಬುಟ್ಟಿ ಹೊತ್ತು ಮೂಸೋಡಿಯಿಂದ ಮನೆ ಮನೆ
ಬೇಕಾದಲ್ಲಿ ನಿಂತು, ಬೇಕಾದವರನ್ನು ಬೈದು,
ನೀರು ಕೇಳಿ ಕುಡಿದು, ಮತ್ತೆ ನಡೆಯುವವಳು.
ಪೆಟ್ಟಿಗೆಯ ಮೇಲೂ ಬಂಗುಡೆಯ ರೇಟು ಹೇಳುತ್ತಲೇ ಇದ್ದಳು.
ನೂರ ನಾಲ್ಕು.

"ಮೂಟೆ ಏರುವಾಗ ನೀವು ಉಸಿರು ಹಿಡೀತೀರಿ"
ಅಂದರು ಸಿಸ್ಟರ್. "ಎದೆ ಮುಷ್ಟಿ ಕಟ್ಟುತ್ತದೆ, ಓಡುವುದಿಲ್ಲ.
ಲಾರಿಯ ಅವಸರ ನಿಮ್ಮದು, ನಿಮ್ಮ ಅವಸರ ನಿಮ್ಮದಲ್ಲ."
ನನಗೆ ಗೊತ್ತು ಅದು.
ರಾತ್ರಿ ಮಗ್ಗುಲು ತಿರುಗಿಸುವಾಗಲೂ
ಇವರು ಉಸಿರು ಕಟ್ಟಿ, ಹೊರಳಿ, ಹುಶ್ಶ್ ಎನ್ನುತ್ತಾರೆ,
ನಿದ್ದೆಯಲ್ಲೂ ಯಾರೋ ತಲೆಗೆ ಎತ್ತಿಕೊಟ್ಟ ಹಾಗೆ.

ಚೀಟಿ ಬರೆದರು: ದಿನಾ ಅರ್ಧ ಗಂಟೆ ನಡೆಯುವುದು.
ಯೂನಿಯನ್ನಿನಲ್ಲಿ ವಾರವಿಡೀ ಅದೇ ತಮಾಷೆ,
ಮೀನಿಗೆ ಈಜಲು ಮದ್ದು ಬರೆದರಂತೆ.
ಇವರೆಂದರು, "ಆರಕ್ಕೆ ಲಾರಿ. ನಾಲ್ಕಕ್ಕೆ ನಾನು
ಸುರಿದು ಮಡಚಿಟ್ಟ ಗೋಣಿ.
ಖಾಲಿ ನಡೆದರೆ ಕೂಲಿ ಯಾರು ಕೊಡುತ್ತಾರೆ?"
ನಾನು ಜಗಳಾಡಲಿಲ್ಲ.
ಅರ್ಧ ಗಂಟೆ ಅಂದರೆ ನನಗೂ ಐವತ್ತು ಬೀಡಿ.

ಆದರೂ ಒಂದು ಭಾನುವಾರ ಕಡಪ್ಪುರಕ್ಕೆ ಹೋದೆವು.
ಇವರು ಮುಂದೆ ಮುಂದೆ, ಗೋದಾಮಿನ ವೇಗದಲ್ಲಿ,
ಇಪ್ಪತ್ತು ಹೆಜ್ಜೆಗೆ ನಿಂತು ಹಿಂದೆ ನೋಡುವುದು.
ಕುತ್ತಿಗೆ ಸರಳಿನಂತೆ ನೆಟ್ಟಗೆ.
ಬಲಗೈ ಆಗಾಗ ಮೇಲೆ ಹೋಗಿ
ಇಲ್ಲದ ಮೂಟೆಯ ಕಿವಿ ಹುಡುಕಿ
ಬೈರಾಸು ಮುಟ್ಟಿ ಇಳಿಯುತ್ತಿತ್ತು.

ಬೀಪಾತುಮ್ಮ ಹೇಳಿದ್ದಳು,
"ಮಾತಾಡ್ತಾ ನಡೆಯಿರಿ. ಮಾತು ತುಂಡಾದರೆ ಹೆಚ್ಚಾಯ್ತು,
ಹಾಡಲಿಕ್ಕೆ ಬಂದರೆ ಕಡಿಮೆಯಾಯ್ತು."
ಮದುವೆಯಾಗಿ ಇಪ್ಪತ್ತೆರಡು ವರ್ಷ,
ಮಾತಾಡುತ್ತಾ ನಡೆದದ್ದೇ ಇಲ್ಲ ನಾವು.
ಎಂತ ಮಾತಾಡುವುದು?
ಒಂದು ದೋಣಿ ದಾಟಿತು, ಎರಡು ನಾಯಿ ದಾಟಿದವು.

"ನಿನ್ನದೆಷ್ಟು ಬಡಿತ ಅಂದರು?"
ಕೊನೆಗೆ ಕೇಳಿದರು.
"ನೂರ... ಮೂವತ್ತೊಂಬತ್ತು" ಅಂದೆ ಏದುತ್ತಾ.
"ಮೂರು ಕಡಿಮೆ" ಅಂದರು,
ಮರಳು ನೋಡುತ್ತಾ, ನಗದೆ.
"ಗೆದ್ದೆಯಲ್ಲ ಮಾರಾಯ್ತಿ."
ಮತ್ತೆ ಹೆಜ್ಜೆ ನಿಧಾನ ಮಾಡಿದರು,
ನನಗಾಗಿಯೋ, ತಮಗಾಗಿಯೋ.

ಮುಂದಿನ ಭಾನುವಾರ ಸಕ್ಕರೆಯ ಲಾರಿ ಬಂತು.
ಹೋಗಲಿಲ್ಲ.
ಅದರ ಮುಂದಿನದರ ಬಗ್ಗೆ
ಈಗಲೇ ಎಂತ ಹೇಳುವುದು.